ಮುನಿದ ಮಗಳಿಗೆ ಮದ್ದು ಯಾವುದು?



‘ಇವಳ ಸಿಟ್ಟು ಇಳಿಯುವ ಹಾಗೆ ಏನಾದರೊಂದು ಲೇಹ್ಯ ಕೊಡಿ, ಡಾಕ್ಟರೇ’ ಎಂದು ಕೇಳಿಕೊಂಡು ತಾಯಿಯೊಬ್ಬರು ತಮ್ಮ ಹದಿನಾರು ವರ್ಷದ ಮಗಳೊಂದಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದದ್ದು ಕೆಲವು ವರ್ಷಗಳ ಹಿಂದಿನ ಮಾತು. ಹುಡುಗಿ ಗೋಡೆಯ ಕಡೆಗೆ ಮುಖ ತಿರುಗಿಸಿ ಕುಳಿತಿದ್ದಳು. ನಾಡಿ ನೋಡಲು ಕೈ ನೀಡೆಂದಾಗ ನೀಡಿದಳು. ಕೇಳಿದ ಪ್ರಶ್ನೆಗಳಿಗೆಲ್ಲ ತಾಯಿಯೇ ಉತ್ತರಿಸಿದರು. ಹೊಟ್ಟೆಯಲ್ಲಿ ಉರಿ, ಆಗಾಗ ತಲೆನೋವು, ಮಲಬದ್ಧತೆ, ರಾತ್ರಿ ಒಂದು ಗಂಟೆಯಾದರೂ ನಿದ್ರೆಯಿಲ್ಲ, ಮನೆಯಲ್ಲಿ ಊಟ ಸೇರದು, ಮಾತನಾಡಿಸಿದರೆ ಸಿಡುಕು. ‘ಎಲ್ಲರೊಡನೆ ಚೆನ್ನಾಗಿಯೇ ಇರುತ್ತಾಳೆ, ನನ್ನನ್ನು ಕಂಡರೆ ಮಾತ್ರ ಹೀಗೆ’ ಎನ್ನುವಾಗ ಆ ತಾಯಿಯ ದನಿ ನಡುಗಿತು.

ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ ಆ ದಂಪತಿಗಳು ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದಿದ್ದರು. ಆಗ ತಾಯಿಗೆ ಸ್ವಂತ ದುಡಿಮೆಯಿರಲಿಲ್ಲ. ತವರಿನಲ್ಲಿ ಅವರ ನೆಲೆಯೇ ಗಟ್ಟಿಯಿರಲಿಲ್ಲ. ಹೀಗಾಗಿ ಮಗಳು ತಂದೆಯ ಮನೆಯಲ್ಲಿ, ಅಜ್ಜಿಯ ಆಸರೆಯಲ್ಲಿ ಉಳಿದಳು. ತಾಯಿ ಮೊದಲು ಹೊಲಿಗೆ ಕಲಿತರು, ಬಳಿಕ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯಾದರು, ತಾಲ್ಲೂಕು ಕೇಂದ್ರದಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ ಹಿಡಿದರು. ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳನ್ನು ಪಿಯುಸಿ ಓದಿಗೆಂದು ತಮ್ಮ ಬಳಿಗೆ ಕರೆತಂದರು. ಐದು ವರ್ಷ ಕಾದ ತಾಯಿಗೆ ಅದು ಹಬ್ಬ. ಮಗಳಿಗೆ ಮಾತ್ರ ಗಡೀಪಾರು. ಇವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ.

ನಾನು ಮಾಡಿದ ತಪ್ಪು

ಈ ಪ್ರಕರಣದಲ್ಲಿ ಮೊದಲು ಎಡವಿದವನು ನಾನು. ಪರೀಕ್ಷಿಸಿದಾಗ ಗಂಭೀರವಾದ ಕಾಯಿಲೆಯೇನೂ ಕಾಣಲಿಲ್ಲ. ಉರಿ ಮತ್ತು ಸಿಡುಕನ್ನು ಕಂಡು ಪಿತ್ತವೆಂದು ನಿರ್ಧರಿಸಿ ಪಿತ್ತಶಮನದ ಔಷಧಗಳನ್ನು ಬರೆದುಕೊಟ್ಟೆ. ಅಷ್ಟಕ್ಕೇ ಸುಮ್ಮನಿರದೆ, ವಯಸ್ಸಿನ ಸಲಿಗೆಯಿಂದ ಹುಡುಗಿಗೆ ಬುದ್ಧಿಮಾತನ್ನೂ ಹೇಳಿದೆ. ‘ನಿನ್ನ ತಾಯಿ ನಿನಗಾಗಿ ಎಷ್ಟು ಕಷ್ಟಪಟ್ಟಿದ್ದಾರೆ, ಗೊತ್ತೇನಮ್ಮ? ಹೆತ್ತವಳನ್ನು ನೋಯಿಸಬಾರದು’ ಎಂದೆ. ಅವಳು ಮೊದಲ ಬಾರಿಗೆ ನನ್ನ ಕಡೆ ತಿರುಗಿ ಒಮ್ಮೆ ನೋಡಿದಳು, ಮತ್ತೆ ಗೋಡೆಯ ಕಡೆ ತಿರುಗಿದಳು. ಒಂದೂವರೆ ತಿಂಗಳ ನಂತರ ತಾಯಿ ಒಬ್ಬರೇ ಬಂದರು. ಔಷಧದ ಸೀಸೆಗಳ ಮುಚ್ಚಳವನ್ನೂ ಮಗಳು ತೆರೆದಿರಲಿಲ್ಲ. ‘ಆ ಡಾಕ್ಟರೂ ನಿನ್ನ ಕಡೆಯವರೇ’ ಎಂದಿದ್ದಳಂತೆ.

ಅವಳ ಮಾತು ಸತ್ಯವಾಗಿತ್ತು. ಆ ದಿನ ನಾನು ವೈದ್ಯನ ಕುರ್ಚಿಯಲ್ಲಿ ಕುಳಿತು ತಾಯಿಯ ಪರವಾಗಿ ವಾದಿಸಿದ್ದೆ. ಐದು ವರ್ಷಗಳಿಂದ ಇಬ್ಬರ ಕಡೆಯ ವಾದವನ್ನೂ ಕೇಳಿ ಬಳಲಿದ್ದ ಮಗುವಿಗೆ ಇನ್ನೊಬ್ಬ ವಕೀಲನ ಅಗತ್ಯವಿರಲಿಲ್ಲ.

ಸಿಟ್ಟಿನ ಕೆಳಗೆ ಏನಿದೆ?

ಕ್ರೋಧದಿಂದ ಪಿತ್ತ ಕೆರಳುತ್ತದೆ, ಶೋಕ ಮತ್ತು ಭಯಗಳಿಂದ ವಾತ ಕೆರಳುತ್ತದೆ ಎಂಬುದು ನಮ್ಮ ವೈದ್ಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆ ಹುಡುಗಿಯ ಲಕ್ಷಣಗಳನ್ನು ಮತ್ತೊಮ್ಮೆ ಸಾವಧಾನದಿಂದ ಗಮನಿಸಿದಾಗ ನನ್ನ ಅವಸರದ ಅರಿವಾಯಿತು. ಉರಿಯೊಂದನ್ನು ಬಿಟ್ಟರೆ ಉಳಿದುವೆಲ್ಲ, ಅಂದರೆ ನಿದ್ರಾನಾಶ, ಮಲಬದ್ಧತೆ, ಹೊತ್ತುಗೊತ್ತಿಲ್ಲದ ಹಸಿವು, ತಣ್ಣನೆಯ ಅಂಗೈಗಳು, ಸಣ್ಣ ಸದ್ದಿಗೂ ಬೆಚ್ಚಿಬೀಳುವಿಕೆ, ಇವು ವಾತದ ಗುರುತುಗಳು. ಮೇಲೆ ಕಾಣುತ್ತಿದ್ದದ್ದು ಸಿಟ್ಟು. ಕೆಳಗೆ ಮಡುಗಟ್ಟಿದ್ದದ್ದು ದುಃಖ ಮತ್ತು ಹೆದರಿಕೆ. ‘ಒಮ್ಮೆ ಬಿಟ್ಟುಹೋದವಳು ಮತ್ತೊಮ್ಮೆ ಬಿಟ್ಟುಹೋಗಲಾರಳು ಎಂಬುದಕ್ಕೆ ಏನು ಖಾತರಿ?’ ಎಂಬ ಪ್ರಶ್ನೆ ಅವಳೊಳಗಿತ್ತು. ಅದನ್ನು ಬಾಯಿಬಿಟ್ಟು ಕೇಳಲಾಗದ ಮಗು ಮುನಿಸಿನ ಬಾಗಿಲನ್ನು ಹಾಕಿಕೊಂಡು ಕುಳಿತಿತ್ತು.

ವಿಚ್ಛೇದಿತ ತಾಯಂದಿರು ಅನೇಕರು ಇಲ್ಲಿಯೇ ದಾರಿ ತಪ್ಪುತ್ತಾರೆ. ಮಗಳು ತನ್ನನ್ನು ದ್ವೇಷಿಸುತ್ತಾಳೆಂದು ಭಾವಿಸಿ, ಆ ದ್ವೇಷಕ್ಕೆ ಕಾರಣವಿಲ್ಲವೆಂದು ಸಾಧಿಸಲು ಹೊರಡುತ್ತಾರೆ. ಯಾವ ಪರಿಸ್ಥಿತಿಯಲ್ಲಿ ಮನೆ ಬಿಟ್ಟೆ, ಅವಳ ತಂದೆ ಹೇಗೆ ನಡೆದುಕೊಂಡರು, ತಾನು ಎಷ್ಟು ರಾತ್ರಿ ಅತ್ತೆ ಎಂಬುದನ್ನೆಲ್ಲ ಲೆಕ್ಕಪತ್ರದಂತೆ ಮಗಳ ಮುಂದೆ ಹರಡುತ್ತಾರೆ. ಅದರಲ್ಲಿ ಒಂದು ಸುಳ್ಳೂ ಇರಲಿಕ್ಕಿಲ್ಲ. ಆದರೆ ಮಗಳ ದೇಹದಲ್ಲಿ ತಂದೆಯ ಪಾಲೂ ಇದೆ. ತಂದೆಯನ್ನು ಹಳಿಯುವ ಪ್ರತಿಯೊಂದು ಮಾತೂ ಅವಳಿಗೆ ತನ್ನ ಅರ್ಧವನ್ನು ಹಳಿದಂತೆಯೇ ಕೇಳಿಸುತ್ತದೆ.

ತಡೆಯಬೇಕಾದ ವೇಗ, ತಡೆಯಬಾರದ ವೇಗ

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ನನಗೆ ಈ ಸಂದರ್ಭದಲ್ಲಿ ಬಹಳ ನೆರವಾಯಿತು. ವೇಗಗಳನ್ನು, ಎಂದರೆ ಒಳಗಿನಿಂದ ಒತ್ತಿಕೊಂಡು ಬರುವ ಪ್ರೇರಣೆಗಳನ್ನು, ಅಲ್ಲಿ ಎರಡಾಗಿ ವಿಂಗಡಿಸಲಾಗಿದೆ. ಹಸಿವು, ಬಾಯಾರಿಕೆ, ನಿದ್ರೆ, ಸೀನು, ಆಕಳಿಕೆ ಮೊದಲಾದ ಹದಿಮೂರು ವೇಗಗಳನ್ನು ತಡೆಯಬಾರದು. ಆ ಹದಿಮೂರರಲ್ಲಿ ಕಣ್ಣೀರೂ ಒಂದು. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ಬೇನೆ, ಹೃದಯದ ಬೇನೆ, ಅರುಚಿ, ತಲೆಸುತ್ತು ಉಂಟಾಗುತ್ತವೆಂದೂ, ಅದಕ್ಕೆ ಹೇಳಿರುವ ಉಪಚಾರಗಳಲ್ಲಿ ನಿದ್ರೆ ಮತ್ತು ಹಿತವಾದ ಮಾತುಕತೆ ಸೇರಿವೆಯೆಂದೂ ಅಲ್ಲಿ ಕಾಣಬಹುದು.

ತಡೆಯಲೇಬೇಕಾದ ವೇಗಗಳ ಪಟ್ಟಿಯೂ ಅದೇ ಅಧ್ಯಾಯದಲ್ಲಿದೆ. ಲೋಭ, ಕ್ರೋಧ, ಅಭಿಮಾನ, ಈರ್ಷ್ಯೆಗಳ ಜೊತೆಗೆ ಮಾತಿನ ವೇಗವನ್ನೂ ಅಲ್ಲಿ ಸೇರಿಸಿದ್ದಾರೆ. ಕಠಿಣವಾದ ಮಾತು, ಅತಿಯಾದ ಮಾತು, ಚಾಡಿ, ಸುಳ್ಳು. ಇವುಗಳ ಸಾಲಿನಲ್ಲಿಯೇ ಅಕಾಲದ ಮಾತನ್ನೂ ಇರಿಸಿದ್ದಾರೆ. ಮಾತು ಸತ್ಯವಾಗಿರಬಹುದು, ಹೇಳುವ ಹಕ್ಕೂ ಇರಬಹುದು. ಕಾಲ ಬಾರದಿದ್ದರೆ ಅದನ್ನು ತಡೆಯಬೇಕು.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ದೊಡ್ಡವರು ತಮ್ಮ ಸಮರ್ಥನೆಯನ್ನು ತಡೆಯುವುದಿಲ್ಲ. ಮಕ್ಕಳ ಕಣ್ಣೀರನ್ನು ತಡೆಯುತ್ತಾರೆ. ‘ಅಳಬೇಡ, ಆದದ್ದಾಯಿತು’ ಎನ್ನುತ್ತೇವೆ. ಮುರಿದ ದಾಂಪತ್ಯದ ನಂತರ ತಾಯಿ ಮತ್ತು ಹದಿಹರೆಯದ ಮಗಳು ಮತ್ತೆ ಹತ್ತಿರವಾಗಬೇಕಾದರೆ ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಾಯಿ ತಾನು ಸರಿಯೆಂದು ಸಾಧಿಸುವ ವೇಗವನ್ನು ತಡೆಯಬೇಕು. ಮಗಳ ದುಃಖದ ವೇಗಕ್ಕೆ ದಾರಿ ಬಿಡಬೇಕು.

‘ಸಿಟ್ಟನ್ನು ತಡೆಯಬೇಕೆಂದು ಶಾಸ್ತ್ರ ಹೇಳಿದರೆ ಅದು ಮಗಳಿಗೂ ಅನ್ವಯಿಸಬೇಕಲ್ಲವೇ?’ ಎಂದು ಓದುಗರು ಕೇಳಬಹುದು. ಅನ್ವಯಿಸುತ್ತದೆ. ಆದರೆ ಆತ್ಮನಿಗ್ರಹವನ್ನು ಮಕ್ಕಳು ಉಪದೇಶದಿಂದ ಕಲಿಯುವುದಿಲ್ಲ, ಹಿರಿಯರನ್ನು ನೋಡಿ ಕಲಿಯುತ್ತಾರೆ. ವಿವೇಚನೆ ಮತ್ತು ಸಂಯಮಗಳಿಗೆ ಆಧಾರವಾದ ಮಿದುಳಿನ ಮುಂಭಾಗ ಇಪ್ಪತ್ತು ವರ್ಷ ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆಂದು ಆಧುನಿಕ ವಿಜ್ಞಾನವೂ ಹೇಳುತ್ತದೆ. ಹದಿನಾರರ ಹುಡುಗಿ ಮತ್ತು ನಲವತ್ತರ ತಾಯಿ ಇಬ್ಬರಲ್ಲಿ ಮೊದಲು ತಡೆದುಕೊಳ್ಳಬೇಕಾದವರು ಯಾರು ಎಂಬುದರಲ್ಲಿ ಸಂಶಯವಿರಬಾರದು.

ಆ ತಾಯಿ ಏನು ಮಾಡಿದರು?

ನಾನು ಔಷಧಗಳನ್ನು ನಿಲ್ಲಿಸಿದೆ. ತಾಯಿಯನ್ನು ಕೂರಿಸಿಕೊಂಡು ಮೂರು ತಿಂಗಳ ಒಂದು ಪಥ್ಯವನ್ನು ಹೇಳಿದೆ. ಪಥ್ಯ ಮಗಳಿಗಲ್ಲ, ತಾಯಿಗೆ. ವಾತ ಕೆರಳಿದಾಗ ಬೇಕಾದದ್ದು ನಿಯಮಿತತೆ, ಬೆಚ್ಚಗಿನ ಆಹಾರ, ಸ್ನಿಗ್ಧತೆ. ಆದ್ದರಿಂದ ದಿನವೂ ಒಂದೇ ಹೊತ್ತಿಗೆ ಬಿಸಿ ಅಡುಗೆ ಸಿದ್ಧವಿರಲಿ, ಆದರೆ ಉಣ್ಣೆಂದು ಒತ್ತಾಯ ಬೇಡ. ಸಂಜೆ ಆರೂವರೆಗೆ ಬರುತ್ತೇನೆಂದರೆ ಆರೂವರೆಗೆ ಮನೆಯಲ್ಲಿರಬೇಕು. ತಡವಾಗುವುದಿದ್ದರೆ ಮೊದಲೇ ಫೋನ್ ಮಾಡಿ ತಿಳಿಸಬೇಕು. ಬಿಟ್ಟುಹೋಗುವ ಭಯಕ್ಕೆ ಹೊತ್ತಿಗೆ ಸರಿಯಾಗಿ ಬರುವುದಕ್ಕಿಂತ ಮಿಗಿಲಾದ ಔಷಧವನ್ನು ನಾನು ಕಂಡಿಲ್ಲ. ತಂದೆಯ ಮನೆಗೆ ಹೋಗಿಬಂದ ದಿನ ಅಲ್ಲಿನ ಸುದ್ದಿಯನ್ನು ಕೇಳಬಾರದು. ಮಗಳು ಚುಚ್ಚಿ ಮಾತನಾಡಿದಾಗ ಉತ್ತರವಾಗಿ ತನ್ನ ಕಷ್ಟವನ್ನು ಹೇಳಬಾರದು. ಇನ್ನೂ ಒಂದು ಮಾತನ್ನು ಒತ್ತಿ ಹೇಳಿದೆ: ‘ಕ್ಷಮೆ ಕೇಳುವ ಸಂದರ್ಭ ಬಂದರೆ, ನಿಮ್ಮ ಪಾಲಿನ ತಪ್ಪಿಗೆ ಮಾತ್ರ ಕೇಳಿ. ಆ ವಾಕ್ಯದಲ್ಲಿ “ಆದರೆ” ಎಂಬ ಪದ ಬರಕೂಡದು.’

ಇನ್ನೊಂದು ಸಣ್ಣ ಸಲಹೆಯನ್ನೂ ಕೊಟ್ಟೆ. ಸ್ಪರ್ಶೇಂದ್ರಿಯವಾದ ಚರ್ಮದಲ್ಲಿ ವಾಯುವಿನ ಪ್ರಾಧಾನ್ಯವಿರುವುದರಿಂದ ಅಭ್ಯಂಗ ಹಿತಕರವೆಂದು ಚರಕದಲ್ಲಿ ಹೇಳಿದೆ. ನಿತ್ಯ ತಲೆಗೆ ಎಣ್ಣೆ ಹಚ್ಚುವವರಿಗೆ ಸುಖವಾದ ನಿದ್ರೆ ದೊರೆಯುವುದೆಂಬ ಮಾತೂ ಅಲ್ಲಿದೆ. ಪ್ರತಿ ಶನಿವಾರ ರಾತ್ರಿ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ‘ಎಣ್ಣೆ ಇಟ್ಟಿದ್ದೇನೆ’ ಎಂದಷ್ಟೇ ಹೇಳಿ ಸುಮ್ಮನಾಗಬೇಕು ಎಂದೆ. ಬಾ ಎಂದು ಕರೆಯಬಾರದು, ಬಾರದಿದ್ದರೆ ಮುನಿಯಲೂಬಾರದು.

ಮೊದಲ ಶನಿವಾರ ಮಗಳು ಬರಲಿಲ್ಲ. ಎರಡನೆಯ ಶನಿವಾರ, ‘ಡಾಕ್ಟರು ಹೇಳಿಕೊಟ್ಟ ನಾಟಕವೋ?’ ಎಂದು ಕೇಳಿದಳಂತೆ. ತಾಯಿ ‘ಹೌದು, ಅವರೇ ಹೇಳಿದ್ದು’ ಎಂದು ಒಪ್ಪಿಕೊಂಡರು. ಹೀಗೆ ಒಂಬತ್ತು ಶನಿವಾರಗಳು ಕಳೆದವು. ಆ ಎಣ್ಣೆಯನ್ನು ತಾಯಿ ತಮ್ಮ ತಲೆಗೇ ಹಚ್ಚಿಕೊಂಡು ಮಲಗುತ್ತಿದ್ದರು. ನಡುವೆ ಎರಡು ಸಲ ನನ್ನ ಬಳಿ ಬಂದು, ‘ಇದು ನನ್ನಿಂದಾಗದು, ಅವಳನ್ನು ಅವಳ ತಂದೆಯ ಮನೆಗೇ ಕಳಿಸಿಬಿಡುತ್ತೇನೆ’ ಎಂದು ಅತ್ತರು. ನಾನು ಅಳಲು ಬಿಟ್ಟೆ. ತಡೆಯಬಾರದ ವೇಗ ತಾಯಂದಿರಿಗೂ ಇರುತ್ತದೆ. ಅದನ್ನು ಇಳಿಸುವ ಜಾಗ ಮಗಳ ಮಡಿಲಾಗಬಾರದು, ಅಷ್ಟೆ. ತಾಯಿಗೊಬ್ಬ ಅಕ್ಕನೋ ಗೆಳತಿಯೋ ವೈದ್ಯನೋ ಇರಬೇಕು.

ಹತ್ತನೆಯ ಶನಿವಾರ ಮಧ್ಯವಾರ್ಷಿಕ ಪರೀಕ್ಷೆಯ ಹಿಂದಿನ ವಾರ. ಹುಡುಗಿ ಬಂದು ‘ತಲೆ ಸಿಡಿಯುತ್ತಿದೆ’ ಎಂದು ತಾಯಿಯ ಮುಂದೆ ಬೆನ್ನು ಮಾಡಿ ಕುಳಿತಳು. ಎಣ್ಣೆ ಹಚ್ಚುವಾಗ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ; ಎದುರುಬದುರು ಕುಳಿತು ಕೇಳಲಾಗದ್ದನ್ನು ಆ ಸ್ಥಿತಿಯಲ್ಲಿ ಕೇಳಬಹುದು. ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು: ‘ಅವತ್ತು ನನಗೆ ಹೇಳದೆ ಯಾಕೆ ಹೋದೆ?’

ಆ ಪ್ರಶ್ನೆಗೆ ತಾಯಿ ಐದು ವರ್ಷಗಳಿಂದ ಉತ್ತರವನ್ನು ಸಿದ್ಧಪಡಿಸಿಕೊಂಡಿದ್ದರು. ಅದನ್ನೆಲ್ಲ ನುಂಗಿ, ‘ನೀನು ಶಾಲೆಗೆ ಹೋಗಿದ್ದಾಗ ಹೋದೆ. ನಿನ್ನ ಮುಖ ನೋಡಿದರೆ ಹೋಗಲಾರೆನೆಂದು ಹೆದರಿದೆ. ನಿನಗೆ ಹೇಳಿ ಹೋಗಬೇಕಾಗಿತ್ತು. ನನ್ನದು ತಪ್ಪು’ ಎಂದರು. ಮಗಳು ಅಳತೊಡಗಿದಳು. ‘ಅಳಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು ಡಾಕ್ಟರೇ, ಹಲ್ಲು ಕಚ್ಚಿ ತಡೆದೆ’ ಎಂದು ತಾಯಿ ಆಮೇಲೆ ನನಗೆ ಹೇಳಿದರು. ಆ ರಾತ್ರಿ ಹುಡುಗಿ ಹನ್ನೊಂದು ಗಂಟೆಗೇ ನಿದ್ರೆ ಹೋದಳಂತೆ.

ಅಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ಬರೆದರೆ ತಪ್ಪಾಗುತ್ತದೆ. ಮರುವಾರವೇ ಮೊಬೈಲಿನ ವಿಷಯಕ್ಕೆ ದೊಡ್ಡ ಜಗಳವಾಯಿತು. ರಜೆಯಲ್ಲಿ ತಂದೆಯ ಮನೆಗೆ ಹೋದವಳು ಹೇಳಿದ್ದಕ್ಕಿಂತ ಎರಡು ವಾರ ತಡವಾಗಿ ಮರಳಿದಳು. ಆದರೆ ಮರಳಿದಳು. ಜಗಳವಾಡಿದ ಮೇಲೂ ಮನೆ ಉಳಿದಿರುತ್ತದೆ ಎಂಬ ನಂಬಿಕೆ ಅವಳಲ್ಲಿ ಮೊಳೆತಿತ್ತು. ಅದೇ ಆರೋಗ್ಯದ ಲಕ್ಷಣವೆಂದು ನಾನು ತಿಳಿಯುತ್ತೇನೆ.

ಉಳಿದವರ ಹೊಣೆ

ಇಷ್ಟನ್ನೂ ತಾಯಿಯೊಬ್ಬಳ ತಲೆಗೆ ಕಟ್ಟುವುದು ನ್ಯಾಯವಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಿದ್ದುಪಡಿಯಾಗಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅವಕಾಶವಾಯಿತು. ಮಗುವಿನ ಪಾಲನೆಯನ್ನು ನಿರ್ಧರಿಸುವಾಗ ಮಗುವಿನ ಹಿತವನ್ನೇ ನೋಡಬೇಕು, ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ಪರಿಗಣಿಸಬಹುದು ಎಂಬ ವಿಚಾರ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿಯೇ ಇದೆ. ಆದರೆ ನ್ಯಾಯಾಲಯದ ಆದೇಶ ಊಟದ ಪಂಕ್ತಿಯಲ್ಲಿ ಆಡುವ ಮಾತುಗಳನ್ನು ತಡೆಯಲಾರದು.

ಮದುವೆಯ ಮನೆಯೊಂದರಲ್ಲಿ ಇದೇ ಹುಡುಗಿಯನ್ನು ಹಿರಿಯ ಹೆಂಗಸೊಬ್ಬರು ‘ನೀನು ಆ ಗಂಡ ಬಿಟ್ಟವಳ ಮಗಳಲ್ಲವೇ?’ ಎಂದು ಎಲ್ಲರೆದುರಿಗೆ ಕೇಳಿದ್ದರಂತೆ. ಮನೆಗೆ ಬಂದು ಆ ಅವಮಾನವನ್ನೆಲ್ಲ ಅವಳು ತಾಯಿಯ ಮೇಲೆ ಕಾರಿದ್ದಳು. ಕೇಳಿದವರು ಹೋಳಿಗೆ ಉಂಡು ಮಲಗಿದ್ದರು. ತಂದೆಯ ಮನೆಯವರೂ ಮಗುವಿನೆದುರು ತಾಯಿಯನ್ನು ಹಳಿಯಬಾರದು. ಇಂದು ತಾಯಿಯ ಬಗ್ಗೆ ಅವಳಲ್ಲಿ ಬಿತ್ತಿದ ಅಪನಂಬಿಕೆ ನಾಳೆ ಅವಳ ಸ್ವಂತ ದಾಂಪತ್ಯದಲ್ಲಿ ಬೆಳೆದು ನಿಲ್ಲುತ್ತದೆ. ಇನ್ನು ಹೊಡೆತ, ಕುಡಿತಗಳಿಂದ ಪಾರಾಗಲು ಮನೆ ಬಿಟ್ಟ ತಾಯಂದಿರು ಮಗಳ ಸುರಕ್ಷತೆಯ ವಿಷಯದಲ್ಲಿ ಮೌನವಾಗಿರಬೇಕೆಂದು ನಾನು ಖಂಡಿತ ಹೇಳುತ್ತಿಲ್ಲ. ಅಪಾಯವಿದ್ದರೆ ಸ್ಪಷ್ಟವಾಗಿ ಹೇಳಬೇಕು, ಕಾನೂನಿನ ನೆರವನ್ನೂ ಪಡೆಯಬೇಕು. ಹಳೆಯ ಗಾಯದ ವಿವರಗಳನ್ನು ಮಾತ್ರ ಅವಳು ಕೇಳುವವರೆಗೆ ಕಾದಿರಿಸಬೇಕು.

ವೈದ್ಯರ ಬಳಿಗೆ ಯಾವಾಗ?

ಎಲ್ಲ ಸಿಡುಕೂ ಮನಸ್ಸಿನದೇ ಆಗಿರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಆಯಾಸ, ತಲೆನೋವು, ಏಕಾಗ್ರತೆಯ ಕೊರತೆ, ಕಿರಿಕಿರಿ ಇವೆಲ್ಲ ರಕ್ತಹೀನತೆಯಿಂದಲೂ ಬರುತ್ತವೆ. ಆದ್ದರಿಂದ ಹಿಮೋಗ್ಲೋಬಿನ್ ಮತ್ತು ಅಗತ್ಯವಿದ್ದರೆ ಥೈರಾಯ್ಡ್ ಪರೀಕ್ಷೆಯನ್ನು ಮಾಡಿಸಬೇಕು. ಮುಟ್ಟಿನ ಏರುಪೇರುಗಳನ್ನು ವೈದ್ಯರಿಗೆ ತಿಳಿಸಬೇಕು. ಈ ವಯಸ್ಸಿನವರಿಗೆ ರಾತ್ರಿ 8ರಿಂದ 10 ಗಂಟೆಗಳ ನಿದ್ರೆ ಬೇಕು. ಅದು ದೊರೆಯದ ಮಗುವಿನಿಂದ ಮುಂಜಾನೆ ಸಮಾಧಾನದ ಮಾತನ್ನು ನಿರೀಕ್ಷಿಸುವುದು ಕಷ್ಟ.

ಆದರೆ ಮಗಳು ಗೆಳತಿಯರಿಂದಲೂ ದೂರ ಸರಿದರೆ, ಎರಡು ವಾರಗಳಿಗೂ ಮೀರಿ ಊಟ, ನಿದ್ರೆ, ಓದು ಮೂರನ್ನೂ ಬಿಟ್ಟರೆ, ಕೈಯನ್ನು ಕೊಯ್ದುಕೊಂಡ ಗುರುತು ಕಂಡರೆ, ‘ನಾನು ಇರಬಾರದಿತ್ತು’ ಎಂಬಂತಹ ಮಾತು ಬಂದರೆ, ಎಣ್ಣೆ-ಲೇಹ್ಯಗಳಲ್ಲಿ ಕಾಲ ಕಳೆಯದೆ ಆ ದಿನವೇ ಮನೋವೈದ್ಯರನ್ನು ಕಾಣಬೇಕು. ಆಯುರ್ವೇದದವನಾದ ನಾನೇ ಇದನ್ನು ಹೇಳುತ್ತಿದ್ದೇನೆ. ಕೇಂದ್ರ ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ಸೆಳೆಯುವುದನ್ನು ಆಯುರ್ವೇದ ಸತ್ತ್ವಾವಜಯ ಚಿಕಿತ್ಸೆ ಎಂದು ಕರೆಯುತ್ತದೆ. ವಿಚ್ಛೇದಿತ ತಾಯಿಗೆ ಎಲ್ಲಕ್ಕಿಂತ ಅಹಿತವಾದ ವಿಷಯವೆಂದರೆ, ಮಗಳ ಎದುರಿನಲ್ಲಿ ತನ್ನ ಮೊಕದ್ದಮೆಯನ್ನು ಗೆಲ್ಲಬೇಕೆಂಬ ಹಂಬಲ. ಅದನ್ನು ಕೈಬಿಟ್ಟ ದಿನ ಮಗಳು ನ್ಯಾಯಾಧೀಶೆಯ ಸ್ಥಾನದಿಂದ ಇಳಿದು ಮತ್ತೆ ಮಗಳಾಗಲು ಸಾಧ್ಯವಾಗುತ್ತದೆ.

ಆ ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ. ಕಳೆದ ಬಾರಿ ನೆಗಡಿಯೆಂದು ಒಬ್ಬಳೇ ಬಂದಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು, ‘ಅಮ್ಮನಿಗೆ ಮಂಡಿನೋವು ಡಾಕ್ಟರೇ. ನಾನು ಹೇಳಿದರೆ ಕೇಳುವುದಿಲ್ಲ, ನೀವೇ ಸ್ವಲ್ಪ ಬೈಯಿರಿ’ ಎಂದಳು. ಈ ಬಾರಿ ಅವಳ ಪರವಾಗಿ ವಾದಿಸಲು ನಾನು ಸಂತೋಷದಿಂದ ಒಪ್ಪಿಕೊಂಡೆ.